ಚಾಪೆಯ ಮೇಲಿಟ್ಟ ಸೋಪು

ಸೆನಿಮಿಲಿಯ ಹೆಣ ಊರಿಗೆ ಬಂದ ಬೆಳಿಗ್ಗೆ, ಪಕ್ಕದ ಊರು ವೈಲೇವಾದವರು ಸಾವಿನ ಮನೆಯ ಮುಂದೆ ಮೂವತ್ತು ಕಟ್ಟು ಸೋಪು ತಂದಿಟ್ಟರು. ಕಟ್ಟಿಗೆ ಹತ್ತರಂತೆ ಕೇದಗೆ ನಾರಿನಲ್ಲಿ ಬಿಗಿದು ಕಟ್ಟಿದ್ದರು. ಬಿಸಿಲಲ್ಲಿ ಒಣಗಿಸಿದ್ದರಿಂದ ಒಂದೊಂದೂ ಕಲ್ಲಿನಷ್ಟು ಗಟ್ಟಿಯಾಗಿತ್ತು, ಬೆಳ್ಳಗಾಗಿತ್ತು, ಅಂಚು ಒಂದು ಚೂರೂ ಸವೆದಿರಲಿಲ್ಲ. ಎಲ್ಲದರ ಮೇಲೂ ಅಂಗೈಯ ಅಚ್ಚು.

ಆ ಅಚ್ಚು ನನಗೆ ಗೊತ್ತು. ಆರು ತಿಂಗಳಿಂದ ಆ ಸೋಪನ್ನು ಮನೆಮನೆಗೆ ಹಂಚಿದವಳು ನಾನೇ.

ಮೊದಲಿಗೆ ನನಗೆ ಅರ್ಥವೇ ಆಗಲಿಲ್ಲ. ಕಣ್ಣು ನೋಡುತ್ತಿತ್ತು, ತಲೆ ಒಪ್ಪುತ್ತಿರಲಿಲ್ಲ. ವೈಲೇವಾದ ಹಿರಿಯ ಮಂಡಿಯೂರಿ ಕೂತು, ಮಗುವಿನ ಹೆಸರೆತ್ತಿ, ನಮ್ಮಿಂದಾದಷ್ಟು ತಂದಿದ್ದೇವೆ, ಕಡಿಮೆಯಾದರೆ ಮನ್ನಿಸಿ ಎಂದು ಹೇಳುತ್ತಿದ್ದ. ಮುಂದೆ ನೀರಲ್ಲಿ ಕಲಸಿ ಕುಡಿಯುವ ಯಂಗೋನಾ ಬೇರಿನ ಕಟ್ಟು, ಮರ್ಯಾದೆಗೆಂದು ತಿಮಿಂಗಿಲದ ಒಂದು ಹಲ್ಲು, ಹರಕು ಎರಡು ಚಾಪೆ, ಅದರ ಹಿಂದೆ ನನ್ನ ಸೋಪು. ಅವನ ಹಿಂದೆಯೇ ನಾಂಬೂಕಾದವರು ಬಂದರು. ಅವರದೂ ಸೋಪು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಊರಿನವರು ಬಂದಿದ್ದರು, ರಾಶಿ ನನ್ನ ಸೊಂಟದ ಮಟ್ಟಕ್ಕೆ ಬಂದಿತ್ತು.

ನಾನು ತಾರಾಇವಿನಿ. ಈ ಹೊಳೆಯ ದಂಡೆಯ ಒಂಬತ್ತು ಊರಿಗೆ ನಾನೊಬ್ಬಳೇ ನರ್ಸು, ಇಪ್ಪತ್ತೆಂಟು ವರ್ಷದಿಂದ. ಬಾಯಿ ಜೋರು ಎಂದು ಹೆಸರಿದೆ, ಇಲ್ಲ ಎನ್ನುವುದಿಲ್ಲ. ಸತ್ತ ಮಗುವಿನ ಊರು ವುನಿಬಾಕಾ ನನ್ನ ತಾಯಿಯ ತವರು. ಮಗುವಿನ ಅಜ್ಜ ಅಪೊರೊಸಾ ನನ್ನ ಸೋದರಮಾವ, ಊರ ದೊರೆಯ ಪರವಾಗಿ ಸಭೆಯಲ್ಲಿ ಮಾತಾಡುವವರು. ತಾಯಿ ಅಸಿನಾತೆ ಮಾವನ ಮಗಳು, ಅಂದರೆ ನನ್ನನ್ನು ಹಂಗಿಸಲು ಹುಟ್ಟುತ್ತಲೇ ಹಕ್ಕು ಪಡೆದವಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಸೆನಿಮಿಲಿಗೆ ಆರು ವರ್ಷ. ಕೆಲೆರಾಗೆ ನಾಲ್ಕು.

ಮಂಗಳವಾರ ಪಟ್ಟಣದ ಆಸ್ಪತ್ರೆಯಲ್ಲಿ ಸೆನಿ ತೀರಿಕೊಂಡಳು. ಡಾಕ್ಟರು ನನ್ನನ್ನು ವಾರ್ಡಿನ ಹೊರಗೆ ಕರೆದು, "ಟೈಫಾಯ್ಡು ಸಿಸ್ಟರ್. ಕರುಳು ತೂತಾಗಿತ್ತು. ಒಂದು ವಾರ ಮುಂಚೆ ಕರ್ಕೊಂಡು ಬರಬೇಕಿತ್ತು" ಎಂದರು.

ಒಂದು ವಾರ ಮುಂಚೆ ಅಸಿನಾತೆ ಗುಡ್ಡ ಹತ್ತಿ ನನಗೆ ಫೋನು ಮಾಡಿದ್ದಳು.

"ಏನೇ ಅತ್ತೆ ಮಗಳೇ, ಸೆನಿಗೆ ಜ್ವರ ಕಣೇ. ನಿನ್ನ ಬಾಯಿ ಎಷ್ಟು ಬಿಸಿಯೋ ಅವಳ ಮೈ ಅಷ್ಟು ಬಿಸಿ."

"ನನ್ನ ಬಾಯಿ ನಿನ್ನ ಅಡುಗೆಗಿಂತ ತಣ್ಣಗೇ ಇದೆ. ಎಷ್ಟು ದಿನ ಆಯ್ತು?"

"ಮೂರು ದಿನ. ಟೈಫಾಯ್ಡು ಗೀಫಾಯ್ಡು ಅಲ್ಲ ತಾನೆ?"

ನಾನು ನಕ್ಕೆ. ದೇವರಾಣೆ, ನಕ್ಕೆ. "ಇಡೀ ಜಿಲ್ಲೆಗೆ ಮೊದಲನೇ ಬಹುಮಾನ ತಗೊಂಡ ಊರು ನಿಮ್ಮದು. ಟೈಫಾಯ್ಡು ನಿಮ್ಮೂರಿನ ಗಡಿ ದಾಟೋಕೆ ಹೆದರುತ್ತೆ. ನೆಗಡಿ ಜ್ವರ ಇರಬೇಕು, ಮಾತ್ರೆ ಕೊಡು, ನೀರು ಕುಡಿಸು" ಎಂದೆ.

ಆ ಬಹುಮಾನದ ಕತೆ ಹೇಳಬೇಕು. ಮಾರ್ಚಿನಲ್ಲಿ ರಾಜಧಾನಿ ಸುವಾದಿಂದ ಕೈ ತೊಳೆಯುವ ಕಾರ್ಯಕ್ರಮ ಬಂತು. ದೇಶದಲ್ಲೆಲ್ಲ ಒಂದೇ ಸಲ, ದೊಡ್ಡದಾಗಿ, ಜನರ ಅಭ್ಯಾಸವನ್ನೇ ಬದಲಾಯಿಸುವ ಕಾರ್ಯಕ್ರಮ. ರೇಡಿಯೋದಲ್ಲಿ ಹಾಡು, ಶಾಲೆಯಲ್ಲಿ ಕುಣಿತ, ಮನೆಗೊಂದು ನೀರಿನ ತೂಗು ಬಾಟಲಿ, ವಾರಕ್ಕೆರಡು ಸೋಪು. ಹಳೆ ಸೋಪಿನ ಹೊದಿಕೆ ಕಾಗದ ತಂದರೆ ಹೊಸ ಸೋಪು. ಎಷ್ಟು ಕಾಗದ ಬಂತೋ ಅಷ್ಟು ಕೈ ತೊಳೆದರು ಎಂದು ಸುವಾದಲ್ಲಿ ಬರೆದುಕೊಳ್ಳುತ್ತಿದ್ದರು. ವುನಿಬಾಕಾದಿಂದ ಒಂದು ವಾರವೂ ಒಂದು ಕಾಗದವೂ ತಪ್ಪಲಿಲ್ಲ. ಮಡಿಸಿ, ದಾರ ಕಟ್ಟಿ ಕಳಿಸುತ್ತಿದ್ದರು. ಶಾಲೆಯ ಮಕ್ಕಳು ಕುಣಿತದಲ್ಲೂ ಮೊದಲು. ಗಾಳಿಯಲ್ಲೇ ಸೋಪು ಹಚ್ಚಿ, ಗಾಳಿಯಲ್ಲೇ ನೊರೆ ಎಬ್ಬಿಸಿ, ಗಾಳಿಯಲ್ಲೇ ತೊಳೆದು ಕೊಡವುತ್ತಿದ್ದರು. ಸೆನಿ ಮುಂದಿನ ಸಾಲಿನಲ್ಲಿ ನಿಂತು ಕುಣಿದಿದ್ದಳು. ಕಾರ್ಯಕ್ರಮ ನಡೆಸಲು ಬಂದಿದ್ದ ಸುವಾದ ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಇಪ್ಪತ್ತೆಂಟು ವರ್ಷದ ನರ್ಸು, ಬರಿಗೈಯ ಕುಣಿತಕ್ಕೆ ಚಪ್ಪಾಳೆ ತಟ್ಟಿದೆ.

ಈಗ ಸಾವಿನ ಮನೆಯ ಮುಂದೆ ಆ ಸೋಪೆಲ್ಲ ಸಾಲಾಗಿ ಕೂತಿತ್ತು. ಕಾಗದ ಮಾತ್ರ ಸುವಾಗೆ ಹೋಗಿತ್ತು.

ನಾನು ಎದ್ದು ಅಡುಗೆಯ ಚಪ್ಪರದ ಕಡೆ ಓಡಿದೆ. ಮುನ್ನೂರು ಜನಕ್ಕೆ ಊಟ. ಹಂದಿ, ಕೆಸುವಿನ ಗೆಡ್ಡೆ ಆಗಲೇ ನೆಲದ ಒಲೆಯಲ್ಲಿ ಮುಚ್ಚಿದ್ದರು, ಅದರ ಚಿಂತೆ ನನಗಿರಲಿಲ್ಲ, ಬಿಸಿಕಲ್ಲಿನ ಮೇಲೆ ಯಾವ ರೋಗವೂ ಬದುಕುವುದಿಲ್ಲ. ಆದರೆ ಹಸಿ ಮೀನಿಗೆ ಹಾಕುವ ತೆಂಗಿನ ಹಾಲು? ಅದನ್ನು ಬೇಯಿಸುವುದಿಲ್ಲ. ಚಪ್ಪರದಡಿ ನನ್ನ ಅತ್ತೆ, ಮಾವನ ಹೆಂಡತಿ, ದೊಡ್ಡ ಹರಿವಾಣದ ಮುಂದೆ ಕೂತು ಮೊಣಕೈವರೆಗೆ ಕೈ ಇಳಿಸಿ ಕಾಯಿತುರಿ ಹಿಂಡುತ್ತಿದ್ದಳು. ಆಸ್ಪತ್ರೆಗೆ ಸೇರಿಸುವವರೆಗೂ ಮೊಮ್ಮಗಳನ್ನು ನೋಡಿಕೊಂಡವಳು ಅವಳೇ. ಮಲದ ಬಟ್ಟೆ ಒಗೆದವಳೂ ಅವಳೇ.

"ಅತ್ತೆ, ಕೈ ತೊಳೆದ್ರಾ?"

"ತೊಳೆದೆ ಕಣೇ. ಹೊಳೇಲಿ."

"ಸೋಪಲ್ಲಿ?"

ಅತ್ತು ಊದಿದ ಮುಖದಲ್ಲೂ ಅವಳಿಗೆ ನಗು ಬಂತು. "ಸೋಪಲ್ಲಾ? ನಿಂಗೇನು ಹುಚ್ಚಾ? ಆ ಸೋಪಲ್ಲಿ ಯಾರಾದ್ರೂ ಕೈ ತೊಳೀತಾರಾ? ಎಲ್ಲಾ ಅಟ್ಟದ ಮೇಲಿದೆ, ಗಂಡಸರು ಇಳಿಸ್ತಿದ್ದಾರೆ ನೋಡು."

ನೋಡಿದೆ. ಮಾವನ ಮನೆಯ ಅಟ್ಟದಿಂದ ಕಟ್ಟಿನ ಮೇಲೆ ಕಟ್ಟು ಇಳಿಯುತ್ತಿತ್ತು, ಕೈಯಿಂದ ಕೈಗೆ. ಸೆನಿ ಮಲಗುತ್ತಿದ್ದ ಜಾಗದ ನೇರ ಮೇಲಿನ ಅಟ್ಟ ಅದು. ಆ ಮಗು ಆರು ತಿಂಗಳು ಸೋಪಿನ ಕೆಳಗೆ ಮಲಗಿತ್ತು, ಒಂದು ದಿನವೂ ಅದರಲ್ಲಿ ಕೈ ತೊಳೆದಿರಲಿಲ್ಲ.

ಹರಿವಾಣವನ್ನು ಕಾಲಿನಿಂದ ಒದ್ದೆ. ತೆಂಗಿನ ಹಾಲೆಲ್ಲ ಮಣ್ಣುಪಾಲಾಯಿತು. ಹೆಂಗಸರು ಹೋ ಎಂದರು. ಸಾವಿನ ಮನೆಯಲ್ಲಿ ಅನ್ನ ಒದ್ದ ನರ್ಸು ಎಂದು ಈಗಲೂ ಹೇಳುತ್ತಾರೆ, ಹೇಳಲಿ.

"ಯಾರೂ ಏನೂ ಮುಟ್ಟಬೇಡಿ! ಸೋಪು ತನ್ನಿ! ಎಲ್ಲರೂ ಕೈ ತೊಳೀರಿ!" ಎಂದು ಕೂಗಿದೆ.

ಅಂಗಡಿಗೆ ಒಬ್ಬಳು ಓಡಿಹೋಗಿ ಬಂದಳು. ಅಂಗಡಿಯಲ್ಲಿ ಸೋಪಿಲ್ಲ. ಸರ್ಕಾರವೇ ಕೊಡುತ್ತಿರುವಾಗ ತರಿಸಿ ಏನು ಮಾಡಲಿ ಎಂದು ಅವನು ಏಪ್ರಿಲ್‌ನಿಂದಲೇ ನಿಲ್ಲಿಸಿದ್ದನಂತೆ. ಮುಂಚೆ ಮೀನು ಮಾರಿದ ದಿನ ಒಂದು ತುಂಡಾದರೂ ಕೊಳ್ಳುತ್ತಿದ್ದರು, ಮಕ್ಕಳ ಕೈಗಾದರೂ ಅದು ತಾಗುತ್ತಿತ್ತು. ನಮ್ಮ ಕಾರ್ಯಕ್ರಮ ಬಂದಮೇಲೆ ಅದೂ ಇಲ್ಲ.

ಗಲಾಟೆ ಕೇಳಿ ಮಾವ ಬಂದರು. ಸೊಂಟಕ್ಕೆ ದುಃಖದ ಚಾಪೆ ಸುತ್ತಿಕೊಂಡಿದ್ದರು. ಅವರು ಎಂದೂ ದನಿ ಎತ್ತಿದವರಲ್ಲ.

"ಏನಾಯ್ತು ಮಗಳೇ?"

"ಮಾವ, ಆ ರಾಶಿಯಿಂದ ಹತ್ತು ಸೋಪು ಕೊಡಿಸಿ. ಹತ್ತು ಸಾಕು. ಸೆನಿಗೆ ಬಂದದ್ದು ಈ ಮನೇಲಿ ಇನ್ನೂ ಇದೆ. ಈ ಕೈಗಳಲ್ಲಿದೆ. ಮುನ್ನೂರು ಜನ ಉಣ್ಣೋರಿದ್ದಾರೆ, ಅವರಲ್ಲಿ ಮಕ್ಕಳೆಷ್ಟು? ನಿಮ್ಮ ಮನೇಲೇ ಇನ್ನೊಬ್ಬಳಿದ್ದಾಳೆ!"

"ಅದು ಸಾವಿಗೆ ಬಂದದ್ದು. ಮಣ್ಣಾಗೋವರೆಗೂ ಯಾರೂ ಮುಟ್ಟೋ ಹಾಗಿಲ್ಲ. ಆಮೇಲೆ ಬಂದೋರಿಗೆ ಹಂಚ್ತೀವಿ."

"ಹಂಚಿದ್ಮೇಲೆ?"

"ಅವರ ಊರಲ್ಲಿ ಸಾವು ಮದುವೆ ಬರಲ್ವಾ?"

"ಅದು ಸೋಪು ಮಾವ! ಕೈ ತೊಳೆಯೋ ಸೋಪು!"

ಮಾವ ನನ್ನನ್ನೇ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. "ನೀನು ಚಾಪೆ ಮೇಲೆ ಇಡೋವರೆಗೂ ಅದು ಸೋಪಾಗಿತ್ತು" ಎಂದರು.

ಆಗ ನನಗೆ ಹೊಳೆಯಿತು.

ಮಾರ್ಚಿನಲ್ಲಿ ಸುವಾದ ಮೇಡಂ ಬಣ್ಣಬಣ್ಣದ ಚಿತ್ರಪಟ ತಂದಿದ್ದರು. ಅದನ್ನು ತೋರಿಸಿ ಭಾಷಣ ಮಾಡಿ, ಹೊಳೆಯ ದಂಡೆಯಲ್ಲಿ ಎಲ್ಲರ ಕೈಯನ್ನೂ ಒಮ್ಮೆ ತೊಳೆಸಿ, ಆಮೇಲೆ ಸೋಪು ಹಂಚುವುದೆಂದು ಅವರ ಯೋಜನೆ. ನಾನೇ ತಡೆದೆ. "ಮೇಡಂ, ಇದು ನನ್ನ ತಾಯಿಯ ಊರು. ನಮ್ಮವರಿಗೆ ಭಾಷಣ ಹಿಡಿಸಲ್ಲ. ಮರ್ಯಾದೆ ಕೊಟ್ಟು ಕೇಳಿದ್ರೆ ತಲೆ ಬೇಕಾದ್ರೂ ಕೊಡ್ತಾರೆ" ಎಂದೆ. ಅಂದು ಸಭೆಯ ಮನೆಯಲ್ಲಿ ಹೊಸ ಚಾಪೆ ಹಾಸಿ, ಸೋಪನ್ನು ಹತ್ತುಹತ್ತರಂತೆ ಕಟ್ಟಿ, ಮೇಲೆ ತಿಮಿಂಗಿಲದ ಹಲ್ಲಿಟ್ಟು, ತಲೆ ಬಗ್ಗಿಸಿ ಎರಡೂ ಕೈಯಲ್ಲಿ ಒಪ್ಪಿಸಿದೆ. ಮಾವ ಮುಟ್ಟಿ ಸ್ವೀಕರಿಸಿದರು. ಎಲ್ಲರೂ ಅಂಗೈ ಗುಳಿ ಮಾಡಿ ಮೂರು ಸಲ ಗಂಭೀರವಾಗಿ ಚಪ್ಪಾಳೆ ತಟ್ಟಿದರು. ಮುದುಕರ ಕಣ್ಣಲ್ಲಿ ನೀರು. ಮೇಡಂ ಎಲ್ಲ ಚಿತ್ರೀಕರಿಸಿಕೊಂಡರು. ಆ ಚಿತ್ರ ಸುವಾದಲ್ಲಿ ಎಷ್ಟು ಮೆಚ್ಚುಗೆಯಾಯಿತೆಂದರೆ, ಮುಂದೆ ಎಲ್ಲ ಊರಿನಲ್ಲೂ ಹೀಗೇ ಕೊಡಬೇಕು ಎಂದು ಆದೇಶ ಬಂತು. ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

"ಗೌರವದ ವಸ್ತು ಅಂತ ನೀನೇ ಕೊಟ್ಟೆ" ಎಂದರು ಮಾವ. "ಗೌರವದ ವಸ್ತೂನ ಕಕ್ಕಸಿನ ಹಿಂದೆ ತಿಕ್ಕಿ ಕರಗಿಸ್ತಾರೇನಮ್ಮಾ? ಚಂಡಮಾರುತ ಬಂದು ಕೇದಗೆ ಎಲ್ಲಾ ಮಲಗಿಬಿಡ್ತು. ಸಾವಿಗೆ ಒಯ್ಯೋ ಚಾಪೆ ಹೆಣೆಯೋಕೆ ಗರಿ ಇಲ್ಲ. ಎರಡು ವರ್ಷ ಬರಿಗೈಲಿ ಸಾವಿನ ಮನೆಗೆ ಹೋದ್ವಿ. ಬಾಗಿಲಲ್ಲಿ ಮುಖ ಎತ್ತೋಕೆ ಆಗ್ತಿರಲಿಲ್ಲ. ಆಗ ನೀನು ಬಂದೆ. ದೇವರು ಕಳಿಸಿದ ಹಾಗೆ ಬಂದೆ. ನನ್ನ ತಂಗಿ ಮಗಳು ನಮ್ಮ ಮಾನ ಉಳಿಸಿದ್ಲು ಅಂತ ನಾನು ಚರ್ಚಲ್ಲಿ ಪ್ರಾರ್ಥನೆ ಮಾಡಿದೀನಿ ಕಣೇ."

"ಕಾಗದ ಕಳಿಸ್ತಿದ್ರಲ್ಲ ಮಾವ!"

"ಕಾಗದ ಕೇಳಿದ್ರಿ, ಕೊಟ್ವಿ. ಕೈ ಯಾವತ್ತಾದ್ರೂ ನೋಡಿದ್ಯಾ?"

ಬುಧವಾರ ಬರುತ್ತೇನೆಂದು ಮಂಗಳವಾರವೇ ಹೇಳಿ ಕಳಿಸುತ್ತಿದ್ದವಳು ನಾನು. ಬುಧವಾರ ಎಲ್ಲ ಬಾಟಲಿಯಲ್ಲೂ ನೀರಿರುತ್ತಿತ್ತು.

ಚಪ್ಪರದ ಹೆಂಗಸರು ಆಗಲೇ ಹೊಸ ಕಾಯಿ ಒಡೆಯತೊಡಗಿದ್ದರು. ನರ್ಸಿಗೆ ದುಃಖಕ್ಕೆ ತಲೆ ಕೆಟ್ಟಿದೆ, ಬಿಡಿ ಎಂದುಕೊಂಡಿರಬೇಕು. ಬೇಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಹಕ್ಕಿನ ಮಾತೊಂದಿತ್ತು.

ನಮ್ಮಲ್ಲಿ ಹೆಣ್ಣಿನ ಮಕ್ಕಳನ್ನು ಅವಳ ತವರೂರಲ್ಲಿ ವಸು ಎನ್ನುತ್ತಾರೆ. ವಸು ಬಂದು ಇದು ನನ್ನದು ಎಂದರೆ, ಹಂದಿಯಾಗಲಿ ದೋಣಿಯಾಗಲಿ, ಮಾವನಾದವನು ಇಲ್ಲ ಎನ್ನುವಂತಿಲ್ಲ. ದೊರೆಯೂ ತಡೆಯುವಂತಿಲ್ಲ. ಆದರೂ ಸಾವಿನ ಮುಂದಿಟ್ಟ ರಾಶಿಯ ಮೇಲೆ ಕೈ ಹಾಕಿದ ವಸುವನ್ನು ನಾನು ಕಂಡಿಲ್ಲ, ಕೇಳಿಲ್ಲ. ನಾನಂತೂ ಇಪ್ಪತ್ತೆಂಟು ವರ್ಷದಲ್ಲಿ ಈ ಊರಿನ ಒಂದು ಕೋಳಿಮೊಟ್ಟೆಯನ್ನೂ ಹಾಗೆ ತೆಗೆದುಕೊಂಡವಳಲ್ಲ. ಸರ್ಕಾರದ ಬಿಳಿ ಬಟ್ಟೆ ಹಾಕಿದವಳಿಗೆ ಅದು ಹಳೆಕಾಲದ ಪುಂಡಾಟ ಎನಿಸುತ್ತಿತ್ತು.

ನಾಲ್ಕು ಊರಿನ ಹಿರಿಯರು ನೋಡುತ್ತಿದ್ದಂತೆ ನಡೆದುಹೋಗಿ ರಾಶಿಯ ಮೇಲೆ ಕೂತೆ.

"ಇದು ನಂದು" ಎಂದೆ. "ನಾನು ವಸು. ಎಲ್ಲಾ ನಂದು."

ಅಳುತ್ತಿದ್ದವರ ಅಳು ಕೂಡ ನಿಂತಿತು. ವೈಲೇವಾದ ಹಿರಿಯ ತಲೆ ತಗ್ಗಿಸಿದ, ನನ್ನ ಬದಲು ಅವನಿಗೆ ನಾಚಿಕೆಯಾಗಿತ್ತು. ಮಾವ ರಾಶಿಯ ಎದುರಿಗೆ ಬಂದು ನಿಂತರು. ಮೊಮ್ಮಗಳ ಹೆಣದ ಮುಂದೆ ಅವಳ ಪಾಲಿನ ಗೌರವವನ್ನು ತಂಗಿಯ ಮಗಳು ಕಿತ್ತುಕೊಳ್ಳುತ್ತಿದ್ದಳು. ಮಾವ ಕೂತು, ಅಂಗೈ ಗುಳಿ ಮಾಡಿ ಮೂರು ಸಲ ತಟ್ಟಿದರು. ಕೊಟ್ಟೆ ಎಂದರ್ಥ.

ನಾನು ಹಲ್ಲಿನಿಂದಲೇ ನಾರು ಕಡಿದೆ. ಹೊಳೆಯ ನೀರು ತರಿಸಿದೆ. ಮೊದಲು ಅತ್ತೆಯ ಕೈ ಹಿಡಿದು ತಿಕ್ಕಿದೆ, ಉಗುರಿನ ಸಂದಿಯವರೆಗೂ. ಕಲ್ಲಾಗಿದ್ದ ಸೋಪು ನೊರೆ ಬಿಡಲು ಎಷ್ಟೋ ಹೊತ್ತು ಬೇಕಾಯಿತು. ಆಮೇಲೆ ಕಾಯಿ ತುರಿಯುವವರು, ಮೀನು ಕೊಯ್ಯುವವರು, ಯಂಗೋನಾ ಕಲಸುವವನು. ಯಾರೂ ನನ್ನ ಜೊತೆ ಮಾತಾಡಲಿಲ್ಲ. ಕೈ ಚಾಚಿದರು, ತೊಳೆಸಿಕೊಂಡರು, ಹೋದರು.

ಅಷ್ಟರಲ್ಲಿ ಅಸಿನಾತೆ ಹೊರಗೆ ಬಂದಳು. ಹೆತ್ತವಳು ಹೆಣದ ಬಳಿಯಿಂದ ಏಳಬಾರದು, ಎದ್ದು ಬಂದಿದ್ದಳು. ಜನ ದಾರಿ ಬಿಟ್ಟರು. ಅವಳು ನನ್ನ ಕೈಯಲ್ಲಿದ್ದ ಸೋಪನ್ನು ತೆಗೆದುಕೊಂಡು ಆಚೀಚೆ ತಿರುಗಿಸಿ ನೋಡಿದಳು.

"ಇದ್ರಲ್ಲಿ ತೊಳೆದಿದ್ರೆ ಸೆನಿ ಇರ್ತಿದ್ಲಾ?"

ನಾನು ಬಹಳ ಸಾವು ಕಂಡವಳು, ಬಹಳ ಸುಳ್ಳು ಹೇಳಿದವಳು. ಅವಳ ಹಣೆಬರಹ, ಯಾರೇನು ಮಾಡೋಕಾಗ್ತಿತ್ತು ಎಂದು ಎಷ್ಟು ತಾಯಂದಿರಿಗೆ ಹೇಳಿದ್ದೇನೋ. ಇವಳಿಗೆ ಹೇಳಲು ನಾಲಿಗೆ ಬರಲಿಲ್ಲ.

"ಇರ್ತಿದ್ಲು ಕಣೇ" ಎಂದೆ. "ನಾನು ಫೋನಲ್ಲಿ ನಗದೇ ಇದ್ದಿದ್ರೂ ಇರ್ತಿದ್ಲು."

ಅವಳು ನನ್ನನ್ನು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಬಾರದಿತ್ತೇ ಎಂದು ಈಗಲೂ ಅನಿಸುತ್ತದೆ. ಸೋಪನ್ನು ನನ್ನ ಕೈಗೆ ವಾಪಸಿಟ್ಟು ಒಳಗೆ ಹೋದಳು. ಮರಳಿ ಬರುವಾಗ ನಿದ್ದೆಗಣ್ಣಿನ ಕೆಲೆರಾಳನ್ನು ರಟ್ಟೆ ಹಿಡಿದು ಎಳೆದು ತಂದಳು.

"ಇವಳದ್ದು ತೊಳಿ. ನೀನೇ ತೊಳಿ."

ಆ ಎರಡು ಕೈಗಳನ್ನು ಹಿಡಿದೆ. ನೀರು ಹೊಳೆಯದು, ತಣ್ಣಗಿತ್ತು. ನನ್ನ ಕೈಯೂ ಹೊತ್ತಿನಿಂದ ಒದ್ದೆಯಾಗಿ ಮರಗಟ್ಟಿತ್ತು. ಆದರೂ ತಿಳಿಯಿತು. ಆ ಪುಟ್ಟ ಕೈಗಳು ಒಲೆಯಿಂದ ತೆಗೆದ ಗೆಡ್ಡೆಯ ಹಾಗೆ ಸುಡುತ್ತಿದ್ದವು.

"ಯಾವತ್ತಿಂದ?" ಎಂದೆ.

"ಮೊನ್ನೆಯಿಂದ. ಅಕ್ಕನ್ನ ಕಾಣದೆ ಅತ್ತೂ ಅತ್ತೂ ಮೈ ಬಿಸಿಯಾಗಿದೆ ಅಂದ್ಕೊಂಡೆ."

ಕೆಲೆರಾ ಬದುಕಿದಳು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಓದುವವರ ಜೀವ ಹಿಂಡಲು ನನಗಿಷ್ಟವಿಲ್ಲ. ಹದಿನಾಲ್ಕು ದಿನ ಸೂಜಿ ಚುಚ್ಚಿದರು. ಆದರೆ ಅವತ್ತು ನಮಗದು ಗೊತ್ತಿರಲಿಲ್ಲ. ಹೆಣ ತಂದಿದ್ದ ಬಾಡಿಗೆ ಲಾರಿಯಲ್ಲೇ ಹೊರಟೆವು. ಮಣ್ಣು ಮಾಡುವವರೆಗಾದರೂ ನಿಲ್ಲು ಎಂದು ಯಾರೂ ಅಸಿನಾತೆಗೆ ಹೇಳಲಿಲ್ಲ. ಅವಳು ಹಿಂದೆ ಬೆಂಚಿನ ಮೇಲೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಎದುರಿಗೆ ನಾನು.

ಗುಡ್ಡ ಹತ್ತಿದ ಮೇಲೆ ಫೋನಿಗೆ ಸಿಗ್ನಲ್ ಬಂತು. ಸುವಾದ ಮೇಡಂಗೆ ಮಾಡಿದೆ.

"ಮೇಡಂ, ಎಲ್ಲಾ ಊರಲ್ಲೂ ಅಟ್ಟ ಹತ್ತಿ ನೋಡೋಕೆ ಹೇಳಿ. ಇವತ್ತೇ. ಸೋಪು ಅಲ್ಲಿರುತ್ತೆ. ಯಾರೂ ತೊಳೀತಿಲ್ಲ."

"ಏನು ಸಿಸ್ಟರ್, ಏನಂದ್ರಿ? ಕಾಗದ ಎಲ್ಲಾ ಬಂದಿದೆಯಲ್ಲ?"

"ಕಾಗದ ಬಿಡಿ ಮೇಡಂ! ನಾನು ಕೊಟ್ಟ ಹಾಗೆ ಎಷ್ಟು ಊರಲ್ಲಿ ಕೊಟ್ಟಿದ್ದೀರಿ? ಚಾಪೆ ಹಾಸಿ?"

ಮೇಡಂ ಪಟ್ಟಿ ನೋಡಿ ಲೆಕ್ಕ ಹೇಳಿದರು. ಲಾರಿಯ ಸದ್ದಿಗೆ ಫೋನಿನ ದನಿ ಜೋರು ಮಾಡಿಟ್ಟಿದ್ದೆ, ಅಸಿನಾತೆಗೂ ಕೇಳಿಸಿತು.

"ನೂರ ನಲವತ್ತೆರಡು ಊರಾ?" ಎಂದಳು ಅವಳು.

ನಾನು ತಲೆ ಆಡಿಸಿದೆ.

ಮಗಳು ಸತ್ತ ಮಂಗಳವಾರದಿಂದ ಅಲ್ಲಿಯವರೆಗೆ ಅವಳ ಮುಖದಲ್ಲಿ ದುಃಖ ಮಾತ್ರ ಇತ್ತು. ಈಗ ಮೊದಲ ಸಲ ಹೆದರಿಕೆ ಕಂಡಿತು. ಕೆಲೆರಾಳನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡು, ಹಿಂದೆ ಸರಿಯುತ್ತಿದ್ದ ಗುಡ್ಡಗಳನ್ನೂ ಅವುಗಳ ಸಂದಿಯಲ್ಲಿ ಅಲ್ಲಲ್ಲಿ ಕಾಣುವ ಊರುಗಳ ತಗಡಿನ ಮಾಡುಗಳನ್ನೂ ನೋಡಿದಳು.

"ಪ್ರತಿ ಊರಲ್ಲೂ ಮಕ್ಕಳಿದ್ದಾವಲ್ಲೇ" ಎಂದಳು.